ಎರಡನೇ ಕಪ್ಪಿನ ಹಿಡಿ

ಇಂಗ್ಲಿಷ್ ಪದ್ಯದ ಒಂದೇ ಒಂದು ಸಾಲು ಹಿಡಿದು, ಆಕಾಶಕ್ಕೆ ಹಾರಿಹೋಗುತ್ತಿದ್ದ ಹುಡುಗಿಯೊಬ್ಬಳನ್ನು ಭೂಮಿಗೆ ಇಳಿಸಿದವನು ನಾನು. ಅದೂ ಬರೀ ಎಡಗೈಯಲ್ಲಿ. ಬಲಗೈಯಲ್ಲಿ ಚಹಾದ ಲೋಟ ಇತ್ತು, ಒಂದು ಹನಿ ಚೆಲ್ಲಲಿಲ್ಲ. ಅದನ್ನು ಕಂಡು ಮರದ ಮೇಲಿದ್ದ ಹದ್ದುಗಳು ರೆಕ್ಕೆ ಜೋಡಿಸಿ ನನಗೆ ನಮಸ್ಕಾರ ಮಾಡಿದವು, ಎರಡು ಮೋಡಗಳು ದಾರಿ ಬಿಟ್ಟು ಪಕ್ಕಕ್ಕೆ ನಿಂತವು. ನಗುವವರು ನಗಲಿ. ವೃಷಭೇಂದ್ರಪ್ಪ ಮೇಷ್ಟ್ರು ತರಗತಿಗೆ ಬಂದರೆ ಇಂಗ್ಲಿಷ್ ಸಾಹಿತ್ಯವೇ ಎದ್ದು ನಿಂತು ಕೈಮುಗಿಯುತ್ತಿದ್ದ ಕಾಲ ಅದು. ನಿವೃತ್ತನಾಗಿ ಎಷ್ಟೋ ವರ್ಷಗಳಾದ ಮೇಲೆ ಈಗ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಆ ಸಂಗತಿ ಬರೆಯಲು ಕೂತಿದ್ದೇನೆ. ನನ್ನ ಹೆಂಡತಿ ನೀಲಮ್ಮ ತನ್ನ ಹಳೇ ಸೀರೆಯಿಂದ ನನ್ನ ಸೊಂಟವನ್ನು ಮಂಚದ ಕಾಲಿಗೆ ಬಿಗಿದು ಒಳಗೆ ಹೋಗಿದ್ದಾಳೆ. ನಾನು ಪೆನ್ನು ಹಿಡಿದೆನೆಂದರೆ ಆಕೆ ಮಾಡುವ ಮೊದಲ ಕೆಲಸ ಅದು.

ನಮ್ಮ ಊರಲ್ಲಿ ಆಧಾರ ತೋರಿಸದೆ ಮಾತಾಡಿದರೆ ಕಾಲು ನೆಲ ಬಿಡುತ್ತದೆ. ಸಣ್ಣ ಮಾತಿಗೆ ಗೇಣು, ದೊಡ್ಡ ಮಾತಿಗೆ ಆಳೆತ್ತರ. ಬರೆದರೂ ಅಷ್ಟೇ. ಸುಳ್ಳೇ ಆಗಬೇಕೆಂದಿಲ್ಲ, ನಿಜವೇ ಆದರೂ 'ಇಗೋ ನೋಡಿ' ಎಂದು ತೋರಿಸಲಾಗದಿದ್ದರೆ ಏಳುವುದೇ. ಇಳಿಯುವುದಕ್ಕೆ ಇರುವುದು ಎರಡು ದಾರಿ: ಆಧಾರ ತೋರಿಸಬೇಕು, ಇಲ್ಲವೇ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಇದಕ್ಕೆ ಜನ ಎಂದೋ ಒಗ್ಗಿಕೊಂಡಿದ್ದಾರೆ. ಜವಳಿ ಅಂಗಡಿಯವನು 'ಬಣ್ಣ ಹೋಗೋದೇ ಇಲ್ಲಮ್ಮ' ಅನ್ನುವ ಮೊದಲು ಎರಡೂ ಪಾದಗಳನ್ನು ಕಪಾಟಿನ ಅಡಿಗೆ ಸಿಕ್ಕಿಸಿಕೊಳ್ಳುತ್ತಾನೆ. 'ನಾಳೆ ಕೊಟ್ಟೇಬಿಡ್ತೀನಿ' ಅನ್ನುವ ದರ್ಜಿ ಹೊಲಿಗೆ ಯಂತ್ರವನ್ನು ಅಪ್ಪಿಕೊಂಡೇ ಮಾತಾಡುತ್ತಾನೆ. ಹೆಣ್ಣು ನೋಡುವ ಶಾಸ್ತ್ರ ಇಟ್ಟುಕೊಳ್ಳುವುದು ತಗ್ಗಿನ ಮಾಡಿನ ಕೋಣೆಯಲ್ಲಿ. 'ಹುಡುಗ ಅಪ್ಪಟ ಬಂಗಾರ' ಎಂದ ಸೋದರಮಾವನ ತಲೆ ಜಂತೆಗೆ ಟಣ್ ಎಂದರೆ ಹೆಣ್ಣಿನ ಕಡೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಚುನಾವಣೆ ಬಂದಾಗ ಹಗ್ಗ ಸಿಗುವುದಿಲ್ಲ. ಹೊಸದಾಗಿ ಮದುವೆಯಾದವರ ಮನೆಯ ಸೊಳ್ಳೆಪರದೆಗಳು ಮೇಲ್ಭಾಗದಲ್ಲೇ ಹರಿಯುತ್ತವೆ. ವರ್ಷಗಳು ಕಳೆದ ಮೇಲೆ ಯಾರೂ ಅಂಥದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಜ್ವರ ಬಂದಾಗ ಗಂಜಿ ಕಾಸಿ ತಂದಿಡುತ್ತಾರೆ. ಗಂಜಿಯ ಬಟ್ಟಲು ಹಿಡಿದು ನಿಂತವರ ಕಾಲು ಎಂದೂ ನೆಲ ಬಿಟ್ಟಿದ್ದಿಲ್ಲ.

ಇಂಥ ಊರಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುವುದು ಎಂಥ ಪಾಡು ಎಂದು ಬೇರೆ ಊರಿನ ಮೇಷ್ಟ್ರುಗಳಿಗೆ ತಿಳಿಯದು. ರಸಾಯನಶಾಸ್ತ್ರದವರು ಗಾಜಿನ ನಳಿಗೆ ಎತ್ತಿ ತೋರಿಸಿ ಗಟ್ಟಿಯಾಗಿ ನಿಲ್ಲುತ್ತಿದ್ದರು. ಇತಿಹಾಸದವರಿಗೆ ಶಾಸನದ ಕಲ್ಲಿತ್ತು. ನಮ್ಮ ಮಕ್ಕಳೋ, ಎದ್ದು ನಿಂತು 'ಇಲ್ಲಿ ಕವಿಗೆ ತುಂಬಾ ದುಃಖವಾಗಿದೆ' ಅನ್ನುವುದು, ಬೆಂಚಿನಿಂದ ಮೇಲೇಳುವುದು. 'ಎಲ್ಲಿದೆ?' ಎಂದು ಕೇಳಿದರೆ ಪುಸ್ತಕದೊಳಗೆ ಬೆರಳಾಡಿಸಿ, ದುಃಖವಿರುವ ಸಾಲು ಸಿಕ್ಕರೆ ಅದರ ಮೇಲೆ ಬೆರಳಿಟ್ಟು ಇಳಿಯುವುದು. ತಲೆಗೆ ಬಡಿಯುತ್ತದೆಂದು ಆ ಕೋಣೆಯ ಫ್ಯಾನುಗಳನ್ನು ಬಿಚ್ಚಿಸಿದ್ದರು. ಪರೀಕ್ಷೆಯಲ್ಲಿ ಪ್ರಬಂಧ ಬರೆಯುವಾಗ ಉತ್ತರ ಓದಲು ಬಾರದ ಗುಮಾಸ್ತನೂ ಮೌಲ್ಯಮಾಪನ ಮಾಡಬಹುದಿತ್ತು, ಬೆಂಚಿಗೂ ಹುಡುಗನಿಗೂ ನಡುವಿನ ಸಂದಿಗೆ ಅಡಿಕೋಲು ಹಿಡಿದರೆ ಸಾಕು. ಗೈಡು ಉರು ಹೊಡೆದು ಬಂದವರು ಮಾತ್ರ ಹತ್ತಿ ಜಿನ್ನಿನ ಅರಳೆಯ ಹಾಗೆ ಗುಂಪುಗುಂಪಾಗಿ ಏಳುತ್ತಿದ್ದರು. ಆ ಗೈಡು ಬರೆದವನು ನಾನೇ. ಹೊತ್ತಗೆ ಎಷ್ಟು ಮೇಲ್ಮಟ್ಟದ್ದೆಂದರೆ ಅಂಗಡಿಯವನು ಅದರ ಮೇಲೆ ತಕ್ಕಡಿ ಕಲ್ಲು ಹೇರಿ ಇಡುತ್ತಿದ್ದ.

ನನ್ನ ಕಥೆಯ ಹುಡುಗಿಯ ಹೆಸರು ಕೊಟ್ರಮ್ಮ. ಬಸ್ ನಿಲ್ದಾಣದ ಹಿಂದೆ ಅವಳ ತಾಯಿಯದು ಮಂಡಕ್ಕಿ ಭಟ್ಟಿ. ಹುಡುಗಿ ಎಡಚಿ. ಬರೆದ ಸಾಲಿನ ಮೇಲೆ ಅವಳದೇ ಕೈ ಹಾದುಹೋಗುವುದರಿಂದ ಉತ್ತರಪತ್ರಿಕೆಯ ತುಂಬ ಶಾಯಿ ಸವರಿರುತ್ತಿತ್ತು, ಕೈಯ ಅಂಚು ಯಾವಾಗಲೂ ನೀಲಿ. 'ಬಲಗೈಯಲ್ಲಿ ಬರೆಯೋದು ಕಲಿ' ಎಂದು ನಾನು ಎಷ್ಟು ಸಲ ಗದರಿದ್ದೆನೋ. ಮಾತು ಕಡಿಮೆ. ಆದರೆ ಎಂದೂ ಏನೂ ಹೇಳದ ಹುಡುಗಿ ಒಮ್ಮೆ ಹೇಳಲು ಹೊರಟರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎನ್ನುವುದೇ ಈ ಕಥೆ.

ಆ ವರ್ಷ ಪಠ್ಯದಲ್ಲಿ ಒಂದು ಪುಟ್ಟ ಪದ್ಯ ಇತ್ತು. ಒಬ್ಬ ಮುದುಕಿ, ಒಂದು ಮನೆ, ಕಿಟಕಿಯಾಚೆ ಗಾಳಿ. ಸಂಜೆಯಾದರೆ ಆಕೆ ಮೇಜಿನ ಮೇಲೆ ಎರಡು ಕಪ್ಪು ಇಡುತ್ತಾಳೆ, ಎರಡಕ್ಕೂ ಚಹಾ ಬಗ್ಗಿಸುತ್ತಾಳೆ, ಒಂದನ್ನು ಎದುರಿನ ಖಾಲಿ ಕುರ್ಚಿಯ ಮುಂದಿಟ್ಟು ಇನ್ನೊಂದನ್ನು ತಾನು ಕುಡಿಯುತ್ತಾಳೆ. ಪದ್ಯ ಮುಗಿಯಿತು. ಅದರ ಮೇಲೆ ಪ್ರಬಂಧ ಬರೆದು ಓದಬೇಕಾಗಿತ್ತು. ಕೊಟ್ರಮ್ಮ ಎದ್ದು ನಿಂತಳು, ಗಂಟಲು ಸರಿಮಾಡಿಕೊಂಡು ಶುರುಮಾಡಿದಳು: "ಈ ಮುದುಕಿ ಸಮುದ್ರದಲ್ಲಿ ಮುಳುಗಿ ಸತ್ತ ತನ್ನ ಗಂಡನಿಗಾಗಿ ಕಾಯುತ್ತಿದ್ದಾಳೆ. ಆಕೆಯ ಪ್ರೀತಿಗೆ ಸಾವಿಲ್ಲ. ಇಡೀ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಪ್ರೇಮಕವಿತೆ ಇನ್ನೊಂದಿಲ್ಲ."

ಮೊದಲ ವಾಕ್ಯಕ್ಕೆ ಕಾಲು ಬೆಂಚಿನ ಮಟ್ಟ ದಾಟಿತು, ಎರಡನೆಯದಕ್ಕೆ ತಲೆ ಸೂರು ಮುಟ್ಟಿತು. ಮೂರನೆಯದಕ್ಕೆ, ಹೆಂಚು ತಿರುವಿ ಹಾಕಲೆಂದು ಆ ವಾರ ಬಿಚ್ಚಿಟ್ಟಿದ್ದ ಮಾಡಿನ ಬಾಯಿಂದ ಇಡೀ ದೇಹ ಹೊರಗೆ. ಅಂಗಳದಲ್ಲಿ ನಮ್ಮ ಕಾಲೇಜಿಗಿಂತ ಹಳೆಯದಾದ ಬೂರುಗದ ಮರ ಇರದಿದ್ದರೆ ಮುಗಿದೇ ಹೋಗುತ್ತಿತ್ತು. ಅದರ ತುತ್ತತುದಿಯ ಕೊಂಬೆ ಕೈಗೆ ಸಿಕ್ಕಿತು.

ಕಾಲೇಜಿಗೆ ಕಾಲೇಜೇ ಅಂಗಳಕ್ಕೆ ಬಂತು. ಹಗ್ಗದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಜವಾನ ಖಾಸಿಂ ಸಾಬರು ತಮ್ಮಲ್ಲಿದ್ದ ಹಗ್ಗವನ್ನೆಲ್ಲ ಒಂದಕ್ಕೊಂದು ಗಂಟು ಹಾಕಿ ಎಸೆದರು. ಮುಕ್ಕಾಲು ಮರಕ್ಕೂ ಹೋಗಲಿಲ್ಲ.

"ಇಷ್ಟು ಎತ್ರದ ಮಾತು ನಮ್ ಕಾಲೇಜಲ್ಲಿ ಇಲ್ಲೀತನ್ಕ ಯಾರೂ ಆಡಿರ್ಲಿಲ್ಲ ಬಿಡ್ರಿ," ಎಂದರು, ಅರ್ಧ ಬೇಸರ, ಅರ್ಧ ಹೆಮ್ಮೆಯಿಂದ.

ಕೊನೆಗೆ ಗಾಳಿಪಟದ ದಾರಕ್ಕೆ ಕಲ್ಲು ಕಟ್ಟಿ ಕೊಂಬೆಗೆ ದಾಟಿಸಿದರು. ಆಳನ್ನು ಎಳೆದರೆ ಹರಿಯುವಂಥ ದಾರ ಅದು. ಒಂದು ಸಣ್ಣ ಬುಟ್ಟಿ ಹೊರುತ್ತಿತ್ತು ಅಷ್ಟೇ. ಅದರಲ್ಲಿ ಚಹಾ ಕಳಿಸಿದೆವು. ಮೇಲೆ ಹೋಗುವಷ್ಟರಲ್ಲಿ ಅದು ತಣ್ಣಗಾಗಿ, ಮೇಲೊಂದು ಕೆನೆ ಕಟ್ಟಿ, ಅದರಲ್ಲಿ ಬೂರುಗದ ಅರಳೆ ಬಿದ್ದು, ಕುಡಿದರೆ ನಾಲಿಗೆಗೆ ದಿಂಬು ನೆಕ್ಕಿದ ಹಾಗಾಗುತ್ತಿತ್ತು. ಸುದ್ದಿ ತಿಳಿದು ಓಡಿ ಬಂದ ನೀಲಮ್ಮ ಅದೇ ಬುಟ್ಟಿಯಲ್ಲಿ ಬಿಪಿ ಮಾತ್ರೆ ಇಟ್ಟು ಕಳಿಸಿದಳು. ಪ್ರಿನ್ಸಿಪಾಲರು ಬಂದು ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು, "ಇದನ್ನ ಸಿ.ಎಲ್. ಅಂತ ಬರೀಬೇಕೋ, ಡ್ಯೂಟಿ ಮೇಲಿದಾರೆ ಅಂತ ಬರೀಬೇಕೋ?" ಎಂದು ಮೇಲಕ್ಕೂ ಕೆಳಕ್ಕೂ ನೋಡಿದರು. ಆರಡಿ ಮೀರಿದ ಆಳು ಅವರು. ಎಡಕಿವಿಯಿಂದ ಬಲಕಿವಿಗೆ ಕೂದಲು ದಾಟಿಸಿ ಜೋಪಾನವಾಗಿ ಮುಚ್ಚಿಕೊಂಡಿದ್ದ ಅವರ ನಡುನೆತ್ತಿ ಬಿಸಿಲಿಗೆ ಕೋಡಿ ಬಿದ್ದ ಕೆರೆಯ ಹಾಗೆ ಫಳಫಳ ಹೊಳೆಯುತ್ತಿತ್ತು.

ನಗುವ ಹೊತ್ತಾಗಿರಲಿಲ್ಲ ಅದು. ಆಷಾಢದ ಗಾಳಿ ಗುಡ್ಡದಾಚೆ ಬಂದು ಕೂತಿತ್ತು. ಸಂಜೆಗೆ ಇಳಿಯುತ್ತದೆಂದು ಹಸು ಮೇಯಿಸುವವರು ಬೆಳಿಗ್ಗೆಯೇ ಹೇಳಿದ್ದರು. ಆ ಗಾಳಿ ಬೀಸುವಾಗ ಮೇಲಿದ್ದವರು ಮತ್ತೆ ಊರಿಗೆ ಬಂದದ್ದಿಲ್ಲ. ಮನೆಮನೆಗೂ ನಲ್ಲಿ ಹಾಕಿಸುತ್ತೇನೆಂದು ಭಾಷಣ ಮಾಡುತ್ತಾ ಹಗ್ಗ ಹರಿದುಕೊಂಡ ಪುರಸಭೆ ಸದಸ್ಯರೊಬ್ಬರ ಒಂಟಿ ಚಪ್ಪಲಿ ಮಾತ್ರ ಮೂರು ತಾಲೂಕಿನಾಚೆ ಸಿಕ್ಕಿತ್ತು.

"ಆಡಿದ್ದನ್ನ ಹಿಂದಕ್ಕೆ ತಗೊಂಡ್ರೆ ಈಗಲೇ ಇಳೀಬಹುದಲ್ಲ," ಎಂದು ಎಲ್ಲರೂ ಕೂಗಿದರು. ಆದರೆ ಮೇಲಿನಿಂದ ಬಂದ ಉತ್ತರ ಒಂದೇ: "ಜೀವ ಹೋದ್ರೂ ತಗೊಳಲ್ಲ." ಇಡೀ ತರಗತಿಯ ಎದುರು ಹೇಳಿದ ಮಾತು. ಹಿಂದಕ್ಕೆ ತೆಗೆದುಕೊಂಡರೆ ನಾಳೆ ಯಾವ ಮುಖ ಹೊತ್ತು ಆ ಕೋಣೆಗೆ ಹೋಗುವುದು? ಹಟ ಎಂದರೆ ಅಂಥ ಹಟ. ಗಂಟಲು ಒಣಗಿ, ಕೈ ತರಚಿ, ಮುಳ್ಳು ಚುಚ್ಚಿ, ಮಧ್ಯಾಹ್ನ ಕಳೆಯಿತು.

ಆಗ ಪುಸ್ತಕ ಬಿಚ್ಚಿಕೊಂಡು ಮರದ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತವನು ನಾನು. ಲೋಕವೆಲ್ಲ ಹೋ ಎನ್ನುತ್ತಿದ್ದರೂ ನನಗೆ ಕೇಳಿಸುತ್ತಿರಲಿಲ್ಲ. ಪದ್ಯವನ್ನು ಸಾಲು ಸಾಲಾಗಿ ಬೆರಳಿಟ್ಟು ಓದಿದೆ. ಆಮೇಲೆ ತಲೆ ಎತ್ತಿ, ಸಮಾಧಾನವಾಗಿ ಕೇಳಿದೆ.

"ಜಗತ್ತಿನ ಪ್ರೇಮಕವಿತೆ ಎಲ್ಲ ಓದಿ ಆಗೈತಾ?"

"...ಇಲ್ಲ."

"ಹಂಗಾದ್ರೆ ಅದೊಂದನ್ನ ಬಿಡಬಹುದಲ್ಲ. ಎಲ್ಲಾ ಬಿಡೋದು ಬೇಡ. ಅದೊಂದು."

"...ಸರಿ. ಅದೊಂದು ಬಿಟ್ಟೆ."

ಸರಕ್ಕನೆ ಎರಡು ಕೊಂಬೆ ಕೆಳಗೆ. ಜನ ಓ ಎಂದರು.

"ಸಮುದ್ರ ಎಲ್ಲೈತೆ?"

"ಕಿಟಕಿ ಆಚೆ ಗಾಳಿ ಐತಲ್ಲ!"

"ಗಾಳಿ ನಮ್ಮೂರಲ್ಲೂ ಐತೆ. ಸಮುದ್ರ ಐತಾ?"

ಸಮುದ್ರವೂ ಹೋಯಿತು. ಅದರ ಜೊತೆ ಮುಳುಗಿದ್ದೂ, ಸತ್ತದ್ದೂ ಹೋದವು. ಮರದ ಅರ್ಧಕ್ಕೆ ಬಂದಾಯಿತು. ಗಂಡ ಎನ್ನುವ ಮಾತು ಬಿಡಿಸುವುದು ಕಷ್ಟವಾಯಿತು. ಎರಡನೇ ಕಪ್ಪು ಗಂಡನದೇ ಯಾಕಾಗಬೇಕು, ಅಕ್ಕ ಇರಬಾರದಾ, ನೆರೆಮನೆಯಾಕೆ ಇರಬಾರದಾ ಎಂದು ಕೇಳಿ ಕೇಳಿ, ಕೊನೆಗೆ ಗಂಡನೂ ಬಿದ್ದುಹೋದ. ಸಾವಿಲ್ಲದ್ದು ಎನ್ನುವುದು ಗಾಳಿಯ ಮೊದಲ ಸುಯ್ಲಿಗೆ ತಾನಾಗಿಯೇ ಉದುರಿತು. ಈಗ ಕಾಲು ನೆಲದಿಂದ ಒಂದೂವರೆ ಆಳು ಮೇಲೆ, ಕೈಯಲ್ಲಿ ಕೊಂಬೆಯೂ ಇಲ್ಲ, ಖಾಸಿಂ ಸಾಬರು ಗುಪ್ಪಳಿಸಿದರೂ ಬೆರಳು ಸಿಗುವುದಿಲ್ಲ. ಅಂಗಳದ ಧೂಳು ಸುಳಿ ಸುತ್ತಲು ಶುರುವಾಯಿತು.

"ಇನ್ನೂ ಏನೋ ಒಂದು ಉಳಿಸ್ಕೊಂಡಂಗೈತೆ. ಅದೇನು?"

"ಪ್ರೀತಿ," ಎಂದಿತು ಮೇಲಿನ ದನಿ. "ಯಾರೋ ಒಬ್ಬರ ಮೇಲೆ ಆಕೆಗೆ ಪ್ರೀತಿ ಐತೆ. ಅದನ್ನ ಬಿಡಲ್ಲ. ಗಾಳಿ ಹೊತ್ಕೊಂಡು ಹೋದ್ರೂ ಬಿಡಲ್ಲ."

ಅದನ್ನು ಬಿಡಿಸಬೇಕೆಂದು ಕೆಳಗಿದ್ದವರಿಗೂ ಅನಿಸಲಿಲ್ಲ. ಬಿಡದಿದ್ದರೆ ತೋರಿಸಬೇಕು. ಪದ್ಯದಲ್ಲಿ ಪ್ರೀತಿ ಎನ್ನುವ ಪದ ಒಂದು ಕಡೆಯೂ ಇಲ್ಲ. ಕಣ್ಣೀರಿಲ್ಲ, ನಿಟ್ಟುಸಿರಿಲ್ಲ. ಕಪ್ಪು, ಕುರ್ಚಿ, ಚಹಾ, ಅಷ್ಟೇ. ಧೂಳು ಕಣ್ಣಿಗೆ ನುಗ್ಗುತ್ತಿತ್ತು, ಪುಸ್ತಕದ ಹಾಳೆಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಆಗ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಎಲ್ಲರೂ ಓದಿ ಯಾರೂ ನೋಡದೆ ಬಿಟ್ಟಿದ್ದ ಸಾಲು. ಕನ್ನಡದಲ್ಲಿ ಹೇಳುವುದಾದರೆ, ಎರಡನೇ ಕಪ್ಪನ್ನು ಇಡುವಾಗ ಆಕೆ ಅದರ ಹಿಡಿಯನ್ನು ಖಾಲಿ ಕುರ್ಚಿಯ ಎಡಗಡೆಗೆ ತಿರುಗಿಸುತ್ತಾಳೆ.

"ಸಿಕ್ತು!" ಎಂದೆ. "ಎಡಕ್ಕೆ ತಿರುಗಿಸ್ತಾಳೆ! ಬರೋರು ಎಡಚರು. ಯಾವ ಕೈಲಿ ಕುಡೀತಾರೆ ಅನ್ನೋದು ಆಕೆಗೆ ಇನ್ನೂ ನೆನಪೈತೆ. ಇದಕ್ಕಿಂತ ಇನ್ನೇನು ಬೇಕು?"

ಗಾಳಿ ಬಂದು ಬೂರುಗದ ಮರವನ್ನು ಬಾಗಿಸಿತು. ಆದರೆ ಅಷ್ಟರೊಳಗೆ ಎರಡು ಪಾದಗಳು ಮಣ್ಣಿನ ಮೇಲೆ ಊರಿಯಾಗಿದ್ದವು. ಹೀಗೆ ನಾನು ಕೊಟ್ರಮ್ಮನನ್ನು ಇಳಿಸಿದೆ.

ಇಷ್ಟು ಬರೆದು ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ನನ್ನ ಬೆನ್ನು ಜಂತೆಗೆ ಒತ್ತಿಕೊಂಡಿತ್ತು. ಮಂಚದ ಕಾಲಿನ ಸೀರೆ ತಂತಿಯ ಹಾಗೆ ಬಿಗಿದಿತ್ತು. ಬರಹ ಒಯ್ಯಲು ಸಂಚಿಕೆಯ ಸಂಪಾದಕಿ ಬಂದಳು. ಸಂಪಾದಕಿ ಬೇರೆ ಯಾರೂ ಅಲ್ಲ, ಕೊಟ್ರಮ್ಮನೇ. ನಾನು ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಅವಳು ಕೂರುತ್ತಾಳೆ, ನಾನು ಕಲಿಸುತ್ತಿದ್ದ ಕೋಣೆಯಲ್ಲಿ ಪಾಠ ಮಾಡುತ್ತಾಳೆ. ತಲೆಗೂದಲು ಅರ್ಧ ಬೆಳ್ಳಗಾಗಿದೆ, ಎಡಗೈಯ ಅಂಚು ಮಾತ್ರ ಇವತ್ತಿಗೂ ನೀಲಿ.

"ಬಾರವ್ವ, ಮೇಲೆ ಐದಾರೆ ನೋಡು," ಎಂದಳು ನೀಲಮ್ಮ, ಯಾವ ಗಾಬರಿಯೂ ಇಲ್ಲದೆ.

ನಾನು ಮೇಲಿನಿಂದಲೇ ಹಾಳೆಗಳನ್ನು ಬಿಟ್ಟೆ. ಕೊಟ್ರಮ್ಮ ಹಿಡಿದುಕೊಂಡು, ಕಿಟಕಿ ಪಕ್ಕ ಕೂತು, ಪೆನ್ಸಿಲ್ ತೆಗೆದು ಓದಿದಳು. ಅಲ್ಲಲ್ಲಿ ಅಡಿಗೆರೆ ಎಳೆದಳು. ಒಂದೆರಡು ಕಡೆ ನಕ್ಕಳು. ಮುಗಿಸಿ ತಲೆ ಎತ್ತಿದಳು.

"ಚೆಂದ ಐತೆ ಸಾರ್. ಒಂದೆರಡು ಕಡೆ ಕೇಳೋದೈತೆ."

"ಕೇಳು, ಕೇಳು. ಜಗತ್ತಿನಲ್ಲಿ ಇಂಥ ಕಥೆ..." ಎನ್ನುವಾಗ ಜಂತೆ ಕಿರ್ರ್ ಎಂದಿತು. ಬಾಯಿ ಮುಚ್ಚಿಕೊಂಡೆ.

"ಮೇಲೆ ಇದ್ದೋಳು ನಾನು ಅಂತ ಬರೆದೀರಿ. ಆದ್ರೆ ಇಲ್ನೋಡ್ರಿ, 'ನೀಲಮ್ಮ ಅದೇ ಬುಟ್ಟಿಯಲ್ಲಿ ಬಿಪಿ ಮಾತ್ರೆ ಇಟ್ಟು ಕಳಿಸಿದಳು.' ಕಾಲೇಜು ಓದೋ ಹುಡುಗಿಗೆ ಯಾರು ಸಾರ್ ಬಿಪಿ ಮಾತ್ರೆ ಕಳಿಸ್ತಾರೆ?"

ಒಳಗಿನಿಂದ ನೀಲಮ್ಮ ಕಿಸಕ್ಕನೆ ನಕ್ಕದ್ದು ಕೇಳಿಸಿತು.

"ಮುಂಜಾಗ್ರತೆ," ಎಂದೆ.

"ಇರ್ಲಿ. ಪ್ರಿನ್ಸಿಪಾಲ್ರು 'ಸಿ.ಎಲ್. ಅಂತ ಬರೀಬೇಕೋ' ಅಂದ್ರು ಅಂತೀರಿ. ಸಿ.ಎಲ್. ರಜೆ ಮೇಷ್ಟ್ರಿಗೆ ಇರ್ತೈತೆ, ಹುಡುಗ್ರಿಗಲ್ಲ. ಅವ್ರು ಆರಡಿ ಮೀರಿದ ಆಳು ಅಂತ ನೀವೇ ಬರೆದು, ಅವ್ರ ನಡುನೆತ್ತಿ ಫಳಫಳ ಅಂತಿತ್ತು ಅಂತ ನೀವೇ ಬರೆದೀರಿ. ಮರದ ಬುಡದಾಗೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತೋರಿಗೆ ಅದು ಹೆಂಗೆ ಕಾಣ್ತು? ಮೇಲಿನ ಚಹಾ ದಿಂಬು ನೆಕ್ಕಿದಂಗಿತ್ತು ಅನ್ನೋದು ಕುಡಿದ ನಾಲಿಗೆಗೆ ಬಿಟ್ರೆ ಯಾರಿಗೆ ಗೊತ್ತಾಗ್ತೈತೆ?"

ಒಂದೊಂದು ಸಾಲಿಗೂ ಬೆರಳಿಟ್ಟು ಹೇಳುತ್ತಿದ್ದಳು. ಅವಳ ಚಪ್ಪಲಿ ನೆಲಕ್ಕೆ ಅಂಟಿಕೊಂಡ ಹಾಗಿತ್ತು.

"ಇನ್ನೊಂದೇ ಒಂದು ಸಾರ್. ಶುರುವಿಗೆ 'ಬರೀ ಎಡಗೈಯಲ್ಲಿ' ಅಂತ ಬರೆದೀರಲ್ಲ, ಅದು ಮಾತ್ರ ನಿಜ. ಯಾರ ಎಡಗೈ ಅನ್ನೋದೊಂದು ಬರೀರಿ."

ಜಂತೆಯ ಜೇಡರ ಬಲೆ ನನ್ನ ಕಿವಿಗೆ ಅಂಟಿಕೊಂಡಿತ್ತು. ಅದನ್ನು ಬಿಡಿಸಿಕೊಳ್ಳುವ ನೆಪದಲ್ಲಿ ಸ್ವಲ್ಪ ಹೊತ್ತು ಕಳೆದೆ.

"ಹೌದು," ಎಂದೆ. "ಮೇಲಿದ್ದವನು ನಾನು."

ಬೆನ್ನು ಜಂತೆ ಬಿಟ್ಟಿತು.

"ಆ ಪ್ರಬಂಧ ನಿನ್ನದಲ್ಲ, ನನ್ನ ಗೈಡಿನದು. ಅವತ್ತು ನಾನೇ ಓದುತ್ತಾ ಇದ್ದೆ. ಬೂಟಿನಲ್ಲಿ ಸೀಸದ ಗುಂಡು ಹಾಕಿಕೊಂಡು ಪಾಠ ಮಾಡೋದು ನನಗೆ ಅಭ್ಯಾಸ ಆಗಿತ್ತು. 'ಎಲ್ಲೈತ್ರಿ ಸಾರ್?' ಅಂತ ನೀನು ಎದ್ದು ನಿಂತು ಕೇಳಿದೆ. ನನ್ನ ಹತ್ತಿರ ಅಲ್ಲೀತನಕ ಯಾರೂ ಹಾಗೆ ಕೇಳಿರಲಿಲ್ಲ. ಕೇಳೋದು ನನ್ನ ಕೆಲಸ ಅಂದುಕೊಂಡಿದ್ದೆ. ಸಿಟ್ಟಿಗೆ ಇನ್ನೂ ಎರಡು ದೊಡ್ಡ ಮಾತು ಸೇರಿಸಿದೆ. ಬೂಟೇ ಕಳಚಿಬಿತ್ತು."

ಮಂಚದ ಎತ್ತರಕ್ಕೆ ಬಂದಿದ್ದೆ.

"ಹಟ ನನ್ನದು. ಕೆಳಗೆ ಕೂತು ಓದಿದವಳು ನೀನು. 'ಅದೊಂದನ್ನ ಬಿಡ್ರಿ ಸಾರ್, ಎಲ್ಲಾ ಬಿಡೋದು ಬೇಡ' ಅಂತ ಮಗುವಿಗೆ ಅನ್ನ ತಿನ್ನಿಸೋ ಹಾಗೆ ಒಂದೊಂದೇ ಬಿಡಿಸಿದವಳು ನೀನು. ಹಿಡಿ ಎಡಕ್ಕಿದ್ದದ್ದು ನಿನ್ನ ಕಣ್ಣಿಗೆ ಬಿತ್ತು. ನಾನು ಬಲಗೈಯವನು. ಎಷ್ಟು ವರ್ಷ ಕಲಿಸಿದ್ದರೂ ನನಗದು ಕಾಣುತ್ತಿರಲಿಲ್ಲ."

ಪಾದಕ್ಕೆ ನೆಲ ತಣ್ಣಗೆ ತಾಗಿತು. ಸೀರೆ ಸಡಿಲಾಗಿ ಕಾಲ ಬಳಿ ಬಿತ್ತು.

"ಹದ್ದುಗಳು ನಮಸ್ಕಾರ ಮಾಡಿದ್ದು ಮಾತ್ರ..."

"ಸಾರ್."

"ಸರಿ. ಒಂದೇ ಹದ್ದು. ನಮಸ್ಕಾರ ಮಾಡಲಿಲ್ಲ, ಕುಕ್ಕಿತು."

ಕೊಟ್ರಮ್ಮ ಹಾಳೆಗಳನ್ನು ಜೋಡಿಸಿಕೊಂಡಳು. "ಇದನ್ನೂ ಸೇರಿಸಿ ಬರೀರಿ ಸಾರ್, ಹುಡುಗ್ರು ಓದ್ಲಿ. ಅಷ್ಟು ಜನರ ಎದುರಿಗೆ ಒಬ್ಬ ಮೇಷ್ಟ್ರು ಒಂದೊಂದೇ ಮಾತು ಬಿಟ್ಕೊಂತ ಕೆಳಗೆ ಬಂದ್ರಲ್ಲ, ಅವತ್ತು ಅದನ್ನ ನೋಡೇ ನಾನು ಮೇಷ್ಟ್ರಾಗಿದ್ದು."

ಹೇಳಿ ಮುಗಿಸುವಷ್ಟರಲ್ಲಿ ಅವಳ ಹಿಮ್ಮಡಿ ಚಪ್ಪಲಿಯಿಂದ ಮೇಲೆದ್ದಿತ್ತು. ಜೀವಮಾನದಲ್ಲಿ ಅವಳ ಕಾಲು ನೆಲ ಬಿಟ್ಟದ್ದನ್ನು ನಾನು ನೋಡಿರಲಿಲ್ಲ. ಅವಳಿಗೂ ತಿಳಿಯಿತು, ಮುಖ ಕೆಂಪಾಗಿ ಕಿಟಕಿಯ ಸರಳು ಹಿಡಿದುಕೊಂಡಳು. ಎಲ್ಲಿದೆ ಎಂದು ಕೇಳುವ ಮನಸ್ಸು ನನಗಾಗಲಿಲ್ಲ. ನನಗೂ ಅವಳಿಗೆ ಹೇಳಬೇಕಾದದ್ದು ಬೇಕಾದಷ್ಟು ಇತ್ತು. ಹೇಳಿದ್ದರೆ ಹೆಂಚು ಒಡೆದುಕೊಂಡು ಹೋಗುತ್ತಿದ್ದೆ.

ನೀಲಮ್ಮ ಚಹಾ ತಂದು ಮೇಜಿನ ಮೇಲಿಟ್ಟಳು. ಬಂದವರಿಗೆಂದು ತೆಗೆದಿಡುವ ಪಿಂಗಾಣಿ ಕಪ್ಪುಗಳು. ನಾನು ನನ್ನದನ್ನು ಹತ್ತಿರಕ್ಕೆ ಎಳೆದುಕೊಂಡು, ಇನ್ನೊಂದನ್ನು ಕೊಟ್ರಮ್ಮನ ಕುರ್ಚಿಯ ಮುಂದೆ ಸರಿಸಿದೆ. ಸರಿಸಿ, ಹಿಡಿಯನ್ನು ಅವಳ ಎಡಗಡೆಗೆ ತಿರುಗಿಸಿದೆ.

ಅವಳು ಅದನ್ನು ನೋಡಿದಳು. ಸರಳು ಬಿಟ್ಟಳು. ಮೆಲ್ಲಗೆ ಇಳಿದು ಬಂದು ಕುರ್ಚಿಯಲ್ಲಿ ಕೂತು, ಶಾಯಿ ಹತ್ತಿದ ಕೈಯಿಂದ ಕಪ್ಪು ಎತ್ತಿಕೊಂಡಳು.

"ಬಿಸಿ ಐತೆ ಸಾರ್," ಎಂದಳು.